ಲೈನ್ ಎಳೆಯುವ ಮೊದಲೇ ಹೇಳಿ: ವಿಳಾಸ ಸ್ವಂತದ್ದೋ, ಪಾಲಿನದ್ದೋ?

ಸಂಪಾದಕರಿಗೆ ನಮಸ್ಕಾರ.

ನಾನು ಸಾಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ತೋಟದ ಪಂಪ್‌ಸೆಟ್, ಮಿಕ್ಸಿ, ಟೇಬಲ್ ಫ್ಯಾನ್ ನನ್ನ ಕಸುಬು. ಕಂಪ್ಯೂಟರ್ ಓದಿದವನಲ್ಲ. ಆದರೂ ಕಳೆದ ಮಳೆಗಾಲದಲ್ಲಿ ಮನೆಯ ರೂಟರ್ ಮುಂದೆ ಎರಡು ವಾರ ಸಂಜೆ ಕೂತಿದ್ದೇನೆ. ಅಷ್ಟೂ ದಿನ ದಂಡವಾದದ್ದು ಒಂದೇ ಕಾರಣಕ್ಕೆ. ಲೈನ್ ಕೊಟ್ಟವರು ಒಂದು ಮಾತನ್ನು ಮೊದಲೇ ಹೇಳಲಿಲ್ಲ: ನಮ್ಮ ಲೈನಿನ ಇಂಟರ್ನೆಟ್ ವಿಳಾಸ, ಅಂದರೆ ಐಪಿ ನಂಬರ್, ನಮ್ಮೊಬ್ಬರದೋ ಹತ್ತಾರು ಮನೆಗೆ ಹಂಚಿದ್ದೋ ಅಂತ. ಆ ಮಾತನ್ನು ಇಂಟರ್ನೆಟ್ ಕಂಪನಿಗಳು ಎಲ್ಲ ಗಿರಾಕಿಗಳಿಗೂ ಮೊದಲ ದಿನವೇ ಹೇಳಬೇಕು ಅಂತ ಕೇಳಲು ಈ ಪತ್ರ.

ಮಗಳು 9ನೇ ಕ್ಲಾಸು. ಒಂದನೇ ಕ್ಲಾಸಿನಿಂದ ಅವಳ ಜೊತೆ ಆಡಿ ಬೆಳೆದ ಮೂವರು ಗೆಳತಿಯರು ನಮ್ಮ ಬೀದಿಯವರೇ. ಒಬ್ಬಳ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗ ಆಯಿತು. ಇನ್ನೊಬ್ಬಳು ಮಂಗಳೂರಿನ ಅಜ್ಜಿ ಮನೆಗೆ ಹೋದಳು. ಮೂರನೆಯವಳು ಇಲ್ಲೇ ಇದ್ದಾಳೆ. ನಾಲ್ವರೂ ಸಂಜೆ ಒಂದು ಗಂಟೆ ಮೈನ್‌ಕ್ರಾಫ್ಟ್ ಆಟದಲ್ಲಿ ಸೇರಬೇಕು ಅಂತ ಮಾತಾಡಿಕೊಂಡರು. ಅದರಲ್ಲಿ ಚೌಕ ಚೌಕದ ಕಲ್ಲು ಜೋಡಿಸಿ ಏನು ಬೇಕಾದರೂ ಕಟ್ಟಬಹುದು. ಇವರು ಕಟ್ಟಲು ಹೊರಟದ್ದು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ. ಕೆಳದಿ ಅರಸರ ಕಾಲದ ಆ ಗುಡಿ ನಮ್ಮ ಊರಿನ ಪಕ್ಕದಲ್ಲೇ ಇದೆ. ನಂದಿ ಮಂಟಪದ ಅಳತೆ ಬೇಕು ಅಂತ ಮಗಳು ಒಂದು ಭಾನುವಾರ ನನ್ನ ಬೈಕ್ ಹತ್ತಿ ಬಂದಳು. ಹೆಜ್ಜೆ ಹಾಕಿ ಸುತ್ತ ಎಣಿಸಿದಳು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಶಾಲೆಯಿಂದ ಪ್ರವಾಸ ಹೋದಾಗ ಆ ಗುಡಿಯನ್ನು ಇಷ್ಟು ಹೊತ್ತು ಅವಳು ನೋಡಿರಲಿಲ್ಲ.

ಇದು ಹಣ ಕಟ್ಟಿ ಆಡುವ ಆಟ ಅಲ್ಲ. ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿತು, ಒಳ್ಳೆಯದೇ ಆಯಿತು. ಆದರೆ ಊರು ಬಿಟ್ಟು ಹೋದ ಗೆಳತಿಯರ ಜೊತೆ ಸೇರುವ ಆಟವನ್ನೂ ಅದೇ ತಕ್ಕಡಿಯಲ್ಲಿ ತೂಗಬಾರದು, ಅಲ್ವಾ?

ಎಲ್ಲರೂ ಬಂದು ಸೇರಲು ಆಟ ನಡೆಸುವ ಒಂದು ಕಂಪ್ಯೂಟರ್ ಬೇಕು, ಅದಕ್ಕೆ ಸರ್ವರ್ ಅನ್ನುತ್ತಾರೆ. ಅದನ್ನು ತಿಂಗಳ ಬಾಡಿಗೆಗೆ ಕೊಡುವವರಿದ್ದಾರೆ. ಮನೆಯ ಕಂಪ್ಯೂಟರಿನಲ್ಲೂ ನಡೆಸಬಹುದು, ಸರ್ವರ್ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ. ಅಂಗಡಿಯ ಬಿಲ್ಲಿಂಗಿಗೆ ತಂದ ಹಳೇ ಕಂಪ್ಯೂಟರ್ ಮನೆಯಲ್ಲಿತ್ತು. ಅದಕ್ಕೇ ಹಾಕಿದೆವು. ನಮ್ಮದು ಜಂಬಿಟ್ಟಿಗೆ ಗೋಡೆಯ ಹಳೇ ಮನೆ, ವೈಫೈ ಒಂದು ಕೋಣೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಹಾಗಾಗಿ ಅಟ್ಟದ ಮೇಲಿಂದ ಲ್ಯಾನ್ ಕೇಬಲ್ ಎಳೆದೆ. ಆಟಕ್ಕೆ ಕೇಬಲ್ಲೇ ಸರಿ. ವೈರಿನ ಕೆಲಸ ನನಗೆ ಗೊತ್ತಿರುವುದೇ, ಅರ್ಧ ದಿನದಲ್ಲಿ ಮುಗಿಯಿತು.

ಇನ್ನು ಉಳಿದದ್ದು ರೂಟರ್. ಬ್ರೌಸರಿನಲ್ಲಿ 192.168.1.1 ಅಂತ ಹೊಡೆದರೆ ಅದರ ಒಳಗಿನ ಪುಟ ತೆರೆಯಿತು. ಮೊದಲು ಆ ಕಂಪ್ಯೂಟರಿಗೆ ಮನೆಯೊಳಗಿನ ನಂಬರ್ ಖಾಯಂ ಮಾಡಿದೆವು. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ನಂಬರ್ ಬದಲಾಗಬಹುದು, ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗದ ದಿನ ಯಾವುದಿದೆ? ಆಮೇಲೆ ಪೋರ್ಟ್ ಫಾರ್ವರ್ಡಿಂಗ್. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಗೆ ಟಿಸಿಪಿ ಪೋರ್ಟ್, ಅಂದರೆ ಒಳಬರುವ ಬಾಗಿಲಿನ ನಂಬರ್, 25565. ಹೊರಗಿನಿಂದ ಆ ನಂಬರಿಗೆ ಬಂದವರನ್ನು ಈ ಕಂಪ್ಯೂಟರಿಗೆ ಕಳಿಸು ಅಂತ ರೂಟರಿಗೆ ಹೇಳಿಡುವುದು, ಅಷ್ಟೇ. ಎಲ್ಲ ಸರಿ ಮಾಡಿದ್ದೆವು. ಇಲ್ಲೇ ಇರುವ ಗೆಳತಿ ನಮ್ಮ ಮನೆಗೇ ಬಂದು ಆಡಿದಳು, ಆಟ ನಡೆಯಿತು. ಹುಬ್ಬಳ್ಳಿಯವಳಿಗೂ ಮಂಗಳೂರಿನವಳಿಗೂ ಬಾಗಿಲೇ ತೆರೆಯಲಿಲ್ಲ.

ನಾನು ವೈರು ನೋಡಿದೆ. ಮಗಳು ಫೈರ್‌ವಾಲ್ ನೋಡಿದಳು. ಪುನಃ ಪುನಃ ರೂಟರ್ ಆಫ್ ಮಾಡಿ ಆನ್ ಮಾಡಿದೆವು. ಲೈನ್ ಕೊಟ್ಟವರಿಗೆ ಫೋನ್ ಮಾಡಿದರೆ, ಸ್ಪೀಡ್ ಜಾಸ್ತಿ ಇರುವ ಪ್ಲಾನ್ ತಗೊಳ್ಳಿ ಅಂದರು. 40 ಎಂಬಿಪಿಎಸ್ ಇದ್ದದ್ದನ್ನು 100 ಮಾಡಿಸಿದೆ, ದುಡ್ಡು ಕಟ್ಟಿದೆ. ಏನೂ ಬದಲಾಗಲಿಲ್ಲ. ನಾಲ್ಕು ಮಕ್ಕಳ ಈ ಆಟಕ್ಕೆ 40 ಧಾರಾಳ ಸಾಕು ಅಂತ ಈಗ ಗೊತ್ತಾಗಿದೆ. ಆವತ್ತು ಫೋನಿನಲ್ಲಿ ಮಾತಾಡಿದವರಿಗೆ ಗೊತ್ತಿರಬೇಕಿತ್ತು.

ಕೊನೆಗೆ ಮರ ಬಿದ್ದು ಕೇಬಲ್ ತುಂಡಾದಾಗ ರಿಪೇರಿಗೆ ಬಂದ ಲೈನ್ ಹುಡುಗ ನಿಜ ಹೇಳಿದ. "ಅಣ್ಣಾ, ನಿಮ್ಮ ಲೈನ್ ಸಿಜಿನ್ಯಾಟ್ ಒಳಗಿದೆ. ನೀವು ಎಷ್ಟು ತಿಪ್ಪರಲಾಗ ಹಾಕಿದರೂ ಹೊರಗಿನವರು ಬರೋಕೆ ಆಗಲ್ಲ" ಅಂದ. ಮಳೆಯಲ್ಲಿ ನೆನೆದು ಬಂದಿದ್ದ ಆ ಹುಡುಗನಿಗೆ ಕಾಫಿ ಕೊಟ್ಟು, ಹಾಗಂದರೆ ಏನು ಅಂತ ಕೂರಿಸಿಕೊಂಡು ಕೇಳಿದೆ.

ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಒಂದು ವಠಾರ ಇದೆ ಅಂದುಕೊಳ್ಳಿ. ಒಳಗೆ ಐವತ್ತು ಮನೆ, ಬೀದಿಗೆ ಕಾಣುವುದು ಒಂದೇ ಡೋರ್ ನಂಬರ್. ನೀವು ಕಾಗದ ಬರೆದರೆ ಬಾಗಿಲ ಕಾಯುವವನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾನೆ, ಉತ್ತರ ಬಂದರೆ ನಿಮ್ಮ ಮನೆಗೆ ತಲುಪಿಸುತ್ತಾನೆ. ಅದಕ್ಕೇ ವಿಡಿಯೊ ನೋಡಲು, ವಾಟ್ಸಾಪ್ ಮಾಡಲು ಏನೂ ತೊಂದರೆ ಇಲ್ಲ. ಆದರೆ ಯಾರೋ ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬಂದರೆ ಯಾವ ಮನೆ ಅಂತ ಅವನಿಗೆ ಗೊತ್ತಿಲ್ಲ, ವಾಪಸ್ ಕಳಿಸುತ್ತಾನೆ. ನಮ್ಮ ಮನೆಯ ರೂಟರ್ ಅಂಥ ಒಬ್ಬ ಕಾವಲುಗಾರ. ಅವನಿಗೆ ನಾವು ಹೇಳಿಡಬಹುದು, ಅದೇ ಪೋರ್ಟ್ ಫಾರ್ವರ್ಡಿಂಗ್. ಸಿಜಿನ್ಯಾಟ್ ಅಂದರೆ ನಮ್ಮ ಬಾಗಿಲಿನ ಆಚೆ ಕಂಪನಿಯವರದು ಇನ್ನೊಂದು ದೊಡ್ಡ ಬಾಗಿಲು. ಅಲ್ಲಿನ ಕಾವಲುಗಾರನ ಹತ್ತಿರ ನಮ್ಮ ಮಾತು ನಡೆಯುವುದಿಲ್ಲ.

ಕಂಪನಿಯವರು ಹೀಗೆ ಮಾಡುವುದಕ್ಕೆ ಕಾರಣವೂ ಇದೆ. ಹಳೇ ಪದ್ಧತಿಯ, ಅಂದರೆ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಜನವೇ 800 ಕೋಟಿ ದಾಟಿದ್ದಾರೆ. 2011ರ ಫೆಬ್ರುವರಿಯಲ್ಲಿ ವಿಶ್ವದ ಕೇಂದ್ರ ದಾಸ್ತಾನು ಖಾಲಿಯಾಯಿತು, ಏಪ್ರಿಲ್ ಹೊತ್ತಿಗೆ ನಮ್ಮ ಏಷ್ಯಾ ಪೆಸಿಫಿಕ್ ಭಾಗದಲ್ಲೂ ಅಳೆದು ಕೊಡುವ ಸ್ಥಿತಿ ಬಂತು. ಆಮೇಲೆ ಹುಟ್ಟಿದ ಸಣ್ಣ ಕಂಪನಿಗಳು ಒಂದು ವಿಳಾಸವನ್ನು ಹತ್ತಾರು ಮನೆಗೆ ಹಂಚದೆ ಬೇರೆ ದಾರಿ ಇರಲಿಲ್ಲ. ಅದಕ್ಕೆ ನನ್ನ ತಕರಾರು ಇಲ್ಲ. ಹೇಳದೆ ಇದ್ದದ್ದಕ್ಕೆ ತಕರಾರು.

ನಿಮ್ಮ ಲೈನ್ ಹೇಗಿದೆ ಅಂತ ಎರಡು ನಿಮಿಷದಲ್ಲಿ ತಿಳಿಯಬಹುದು. ರೂಟರಿನ ಪುಟದಲ್ಲಿ ವ್ಯಾನ್ (WAN) ಅಥವಾ ಇಂಟರ್ನೆಟ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿನ ಐಪಿ ವಿಳಾಸ ಬರೆದುಕೊಳ್ಳಿ. ಆಮೇಲೆ ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಹುಡುಕಿ. ಎರಡೂ ಒಂದೇ ಆದರೆ ವಿಳಾಸ ನಿಮ್ಮದು. ಬೇರೆ ಬೇರೆ ಆದರೆ ನಡುವೆ ಇನ್ನೊಂದು ಬಾಗಿಲಿದೆ. ರೂಟರಿನಲ್ಲಿ ಕಂಡದ್ದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅನುಮಾನವೇ ಬೇಡ, ಆ ಸರಣಿಯನ್ನು 2012ರಲ್ಲಿ ಇದೇ ಕೆಲಸಕ್ಕೆ ಅಂತ ಮೀಸಲಿಟ್ಟಿದ್ದಾರೆ. ನಮ್ಮದು 100.72 ಅಂತ ಶುರುವಾಗುತ್ತಿತ್ತು. 192.168 ಅಂತ ಕಂಡರೆ ಕಂಪನಿಯ ಡಬ್ಬಿಯ ಹಿಂದೆ ನೀವು ಸ್ವಂತ ರೂಟರ್ ಇಟ್ಟಿರಬಹುದು. ಆಗ ಆ ಡಬ್ಬಿಯನ್ನು ಬ್ರಿಡ್ಜ್ ಮೋಡಿಗೆ ಹಾಕಿಸಿ, ಅದು ಕಾವಲು ಬಿಟ್ಟು ಲೈನನ್ನು ನೇರ ನಿಮ್ಮ ರೂಟರಿಗೆ ಕೊಡುತ್ತದೆ, ಒಂದು ಬಾಗಿಲು ಕಡಿಮೆಯಾಗುತ್ತದೆ.

ಕೆಲವು ದಿನ ನಾವು ಟೇಲ್‌ಸ್ಕೇಲ್ ಎಂಬ ಆ್ಯಪ್ ಹಾಕಿ ಸುಧಾರಿಸಿದೆವು. ಅದು ದೂರದ ಕಂಪ್ಯೂಟರುಗಳನ್ನು ಒಂದೇ ಮನೆಯಲ್ಲಿದ್ದಂತೆ ಜೋಡಿಸುತ್ತದೆ. ಆದರೆ ಹುಬ್ಬಳ್ಳಿಯವಳು ಬಳಸುವುದು ಅಪ್ಪನ ಆಫೀಸಿನ ಲ್ಯಾಪ್‌ಟಾಪ್, ಅದರಲ್ಲಿ ಬೇರೆ ಆ್ಯಪ್ ಹಾಕಲು ಬಿಡಲಿಲ್ಲ. ಅವಳು ಚಿಕ್ಕಪ್ಪನ ಮನೆಗೆ ಹೋಗಿ ಅಲ್ಲಿನ ಕಂಪ್ಯೂಟರಿನಿಂದ ಆಡಬೇಕಾಯಿತು, ಹಾಗಾಗಿ ಆಟಕ್ಕೆ ಭಾನುವಾರ ಮಾತ್ರ ಬರುತ್ತಿದ್ದಳು. ನಂತರ ಲೈನಿನವರಿಗೇ ಕೇಳಿ, ವರ್ಷಕ್ಕೆ 2,000 ಚಿಲ್ಲರೆ ಜಾಸ್ತಿ ಕಟ್ಟಿ ಸ್ವಂತ ವಿಳಾಸ ಮಾಡಿಸಿದೆ. ಚಿಕ್ಕಪ್ಪ ತನ್ನ ಹಳೇ ಕಂಪ್ಯೂಟರನ್ನು ಹುಡುಗಿಗೆ ಕೊಟ್ಟರು. ಈಗ ನಾಲ್ವರೂ ದಿನಾ ಸೇರುತ್ತಾರೆ.

ಬಾಗಿಲು ತೆರೆಯುವ ಮನೆಗಳಿಗೆ ಒಂದು ಎಚ್ಚರಿಕೆ. ಡಿಎಂಜೆಡ್ ಅಂತ ಒಂದು ಆಯ್ಕೆ ಇರುತ್ತದೆ, ಸುಲಭ ಅಂತ ಅದನ್ನು ಒತ್ತಬೇಡಿ. ಆ ಕಂಪ್ಯೂಟರಿನ ಎಲ್ಲ ಬಾಗಿಲೂ ಬೀದಿಗೆ ತೆರೆದ ಹಾಗೆ. ಬೇಕಾದ ಒಂದೇ ಪೋರ್ಟ್ ತೆರೆಯಿರಿ. ಆಟದ ಸರ್ವರಿನಲ್ಲಿ ವೈಟ್‌ಲಿಸ್ಟ್ ಹಾಕಿ, ಹೆಸರಿರುವ ಮಕ್ಕಳಿಗೆ ಮಾತ್ರ ಪ್ರವೇಶ. ರೂಟರಿನ ಕೆಳಗೆ ಸ್ಟಿಕ್ಕರಿನಲ್ಲಿರುವ ಪಾಸ್‌ವರ್ಡ್ ಮೊದಲು ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕೆಟ್ಟ ಪ್ರೋಗ್ರಾಂ ಇಂಥ ಪಾಸ್‌ವರ್ಡ್ ಬದಲಿಸದ ರೂಟರ್, ಕ್ಯಾಮೆರಾಗಳ ಒಳಗೇ ನುಗ್ಗಿತ್ತು. ಅವನ್ನೆಲ್ಲ ಒಟ್ಟಿಗೆ ಛೂ ಬಿಟ್ಟು ದೊಡ್ಡ ದೊಡ್ಡ ತಾಣಗಳನ್ನು ಬೀಳಿಸಿದರು. ಅದರ ಗುರಿಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರುಗಳೂ ಇದ್ದವು.

ಇಷ್ಟಕ್ಕೂ ಇದು ಮಕ್ಕಳ ಆಟಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನನ್ನ ಗಿರಾಕಿಯೊಬ್ಬರು ಅಡಿಕೆ ದಾಸ್ತಾನಿನ ಕೋಣೆಗೆ ಕ್ಯಾಮೆರಾ ಹಾಕಿಸಿ, ಮನೆಯಿಂದ ನೇರವಾಗಿ ನೋಡಲಾಗದೆ ಡಿವಿಆರ್, ಅಂದರೆ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿ, ಕೆಟ್ಟಿದೆ ಅಂತ ಬದಲಿಸಿದ್ದರು. ಹೋಗಿ ನೋಡಿದರೆ ಅಲ್ಲೂ ಇದೇ ಕಥೆ.

ಬ್ರಾಡ್‌ಬ್ಯಾಂಡ್ ಅಂತ ಕರೆಯಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇರಬೇಕು ಅಂತ 2023ರಲ್ಲಿ ಕೇಂದ್ರ ಸರಕಾರ ನಿಗದಿ ಮಾಡಿದೆ. ವೇಗಕ್ಕೆ ಲೆಕ್ಕ ಇದೆ. ನಾನು ಸಹಿ ಹಾಕಿದ ಫಾರಂನಲ್ಲಿ ವಿಳಾಸದ ಬಗ್ಗೆ ಒಂದು ಸಾಲೂ ಇರಲಿಲ್ಲ. ವಿಳಾಸ ಸ್ವಂತದ್ದೋ ಹಂಚಿಕೊಂಡದ್ದೋ, ಸ್ವಂತದ್ದು ಬೇಕಾದರೆ ಎಷ್ಟು ದುಡ್ಡು, ಇಷ್ಟನ್ನು ಫಾರಂನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಐಪಿವಿ6 ಎಂಬ ಹೊಸ ಪದ್ಧತಿ ನಮ್ಮ ಲೈನಿನಲ್ಲಿ ಇದೆಯೋ ಇಲ್ಲವೋ ಅದನ್ನೂ ಬರೆಯಲಿ. ಅದರಲ್ಲಿ ವಿಳಾಸಕ್ಕೆ ಬರ ಇಲ್ಲ, ಪ್ರತಿ ಕಂಪ್ಯೂಟರಿಗೂ ಬೇರೆ ವಿಳಾಸ ಕೊಡಬಹುದು. ಮೊಬೈಲ್ ಕಂಪನಿಗಳು ನಮ್ಮ ದೇಶದಲ್ಲಿ ಅದನ್ನು ಕೋಟಿಗಟ್ಟಲೆ ಜನರಿಗೆ ಕೊಟ್ಟಾಗಿದೆ. ಮನೆ ಲೈನಿನವರು ಯಾಕೆ ಹಿಂದೆ ಬೀಳಬೇಕು? ಫೋನ್, ಇಂಟರ್ನೆಟ್ ಕಂಪನಿಗಳ ಮೇಲೆ ನಿಗಾ ಇಡುವ ಟ್ರಾಯ್‌ನವರು ಇದನ್ನು ಕಡ್ಡಾಯ ಮಾಡಲಿ ಅಂತ ನನ್ನ ಕೋರಿಕೆ. ಅವರಿಗೂ ಒಂದು ಪತ್ರ ಹಾಕಿದ್ದೇನೆ.

ಅಲ್ಲಿಯವರೆಗೆ ಸಾಗರದ ಸುತ್ತಮುತ್ತ ಯಾರ ಮನೆಯ ಮಕ್ಕಳಾದರೂ ಇದೇ ತರ ಸಿಕ್ಕಿಹಾಕಿಕೊಂಡಿದ್ದರೆ ಸಂಜೆ ಆರರ ಮೇಲೆ ಅಂಗಡಿಗೆ ಬರಲಿ. ರೂಟರಿನ ವ್ಯಾನ್ ಪುಟದ್ದೊಂದು ಫೋಟೊ ತರಲಿ, ಸಾಕು. ಉಳಿದದ್ದನ್ನು ಮಗಳು ನೋಡುತ್ತಾಳೆ.

ಮೋಟಾರ್ ವೈಂಡಿಂಗ್ ಅಂಗಡಿಯ ಒಬ್ಬ ಓದುಗ, ಸಾಗರ