ಬೇಲಿ ಕಿತ್ತರೆ ಕಾಡುಪಾಪ ಎಲ್ಲಿಗೆ ಹೋಗ್ಬೇಕು?

ಮಾನ್ಯ ಸಂಪಾದಕರೇ,

ನಮ್ಮ ಹೊಲದ ಪಕ್ಕದ ಮೂರೆಕರೆ ಹೋದ ವರ್ಷ ಮಾರಾಟ ಆಯ್ತು, ತಗೊಂಡೋರು ಬೆಂಗಳೂರಿನೋರು, ಯುಗಾದಿ ಕಳೆದ ಮೇಲೆ ಜೆಸಿಬಿ ತರ್ಸಿ ಎರಡೇ ದಿನಕ್ಕೆ ಸುತ್ತಲ ಬೇಲಿನೆಲ್ಲಾ ಬುಡಸಮೇತ ಕೀಳ್ಸಿ, ರಾಶಿ ಹಾಕ್ಸಿ ಬೆಂಕಿ ಇಟ್ಟು, ಕಲ್ಲುಕಂಬ ನೆಟ್ಟು ತಂತಿ ಎಳೆಸಿದ್ರು. ಅವರ ಜಮೀನು ಅವರಿಷ್ಟ, ಅವರನ್ನ ಬೈಯೋಕೆ ಈ ಕಾಗದ ಬರೀತಿಲ್ಲ. ಆದ್ರೆ ಆ ಬೇಲಿ ನಮ್ಮ ತಾತನ ಕಾಲದ್ದು. ಕಳ್ಳಿ, ಕಾರೆ, ಲಕ್ಕಿ, ತುಗ್ಲಿ, ಅಲ್ಲಲ್ಲಿ ಹೊಂಗೆ, ಇವಕ್ಕೆಲ್ಲಾ ಸೀಗೆ ಹಬ್ಬಿ ಈ ತುದಿಯಿಂದ ಆ ತುದೀವರೆಗೂ ಒಂದೇ ಚಪ್ಪರ ಆಗಿತ್ತು, ಅದ್ರಲ್ಲಿ ಕಾಡುಪಾಪಗಳಿದ್ವು. ಬೆಂಕಿ ಇಟ್ಟ ಮಾರನೇ ರಾತ್ರಿ ನೀರು ಕಟ್ಟೋಕೆ ಹೋದಾಗ ಒಂದು ಕಾಡುಪಾಪ ಕಲ್ಲುಕಂಬ ತಬ್ಬಿಕೊಂಡು ಕೂತಿತ್ತು. ಕೈ ಚಾಚ್ತದೆ, ಹಿಡಿಯೋಕೆ ಕೊಂಬೆ ಇಲ್ಲ, ಮತ್ತೆ ಹಿಂದಕ್ಕೆ ತಗೊಳ್ತದೆ. ನನ್ನ ಮಗಳು ಜೊತೇಲಿದ್ಲು, "ಅಪ್ಪ, ಅದು ದಾರಿ ಹುಡುಕ್ತೈತೆ" ಅಂದ್ಲು. ಆಮೇಲೆ ಅದು ಇಳಿದು ಉಳುಮೆ ಮಾಡಿದ ನೆಲದ ಮೇಲೆ ತೆವಳಿಕೊಂಡ ಹಾಗೆ ನಿಧಾನಕ್ಕೆ ಹೋಯ್ತು, ನಾಯಿ ಬಾರದೆ ಇರ್ಲಿ ಅಂತ ನಾವಿಬ್ರೂ ಅದು ನಮ್ಮ ಬೇಲಿ ಹತ್ತೋವರೆಗೂ ಅಲ್ಲೇ ಕಾಯ್ತಾ ನಿಂತಿದ್ವಿ.

ಕಾಡುಪಾಪ ನೋಡಿಲ್ದೋರಿಗೆ ಹೇಳ್ತೀನಿ. ಕಾಲು ಕೆಜಿ ಆಸುಪಾಸು ತೂಗೋ, ಬಾಲ ಇಲ್ಲದ, ಕಡ್ಡಿ ಹಂಗೆ ಕೈಕಾಲಿರೋ ಪ್ರಾಣಿ, ಮುಖದ ತುಂಬಾ ಕಣ್ಣೇ. ಹಗಲೆಲ್ಲಾ ಪೊದೆ ಒಳಗೆ ಉಂಡೆ ಕಟ್ಕೊಂಡು ಮಲಗಿ ಕತ್ತಲಾದ ಮೇಲೆ ಹುಳ, ಮಿಡತೆ, ಇರುವೆ ಹಿಡ್ಕೊಂಡು ತಿನ್ನುತ್ತೆ. ಕೋತಿ ಥರ ಜಿಗಿಯೋಕೆ ಬರಲ್ಲ, ಒಂದು ಕೊಂಬೆಯಿಂದ ಇನ್ನೊಂದು ಕೊಂಬೆ ಹಿಡ್ಕೊಂಡೇ ಹೋಗ್ಬೇಕು, ಅದಕ್ಕೇ ಬೇಲೀಲಿ ಹತ್ತಡಿ ಖಾಲಿ ಜಾಗ ಬಿದ್ರೆ ಸಾಕು ಅದಕ್ಕೆ ದಾರಿ ಕಟ್ಟಾದಂಗೆ. ಇಳಿದು ರಸ್ತೆ ದಾಟೋಕೆ ಹೋಗಿ ಗಾಡಿಗೆ ಸಿಗ್ತವೆ, ಕರೆಂಟ್ ವೈರ್ ಹಿಡ್ಕೊಂಡು ಸಾಯ್ತವೆ. ನಮ್ಮ ತುಮಕೂರು ತಾಲ್ಲೂಕಿನ ನಾಗವಲ್ಲಿ ಕಾಡುಪಾಪಕ್ಕೆ ಹೆಸರುವಾಸಿ, ಅವು ಅಲ್ಲಿ ಇರೋದು ಅಭಯಾರಣ್ಯದಲ್ಲಲ್ಲ, ಜನಗಳ ಹೊಲ, ತೋಟ, ಬೇಲಿ ಸಾಲಲ್ಲಿ. ಅಂದ್ರೆ ಅವುಗಳ ಮನೆ ಪಹಣೀಲಿ ನಮ್ಮ ನಿಮ್ಮ ಹೆಸರಲ್ಲೇ ಇದೆ!

ಈಗ ಕಾನೂನು ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಕಾಡುಪಾಪ ಹುಲಿ ಇರೋ ಅದೇ ಮೊದಲನೇ ಪಟ್ಟೀಲಿದೆ. ಹಿಡಿದ್ರೆ ಜೈಲು, ಸರಿಯಾಗೇ ಇದೆ. ಆದ್ರೆ ಅದು ವಾಸ ಮಾಡೋ ಪೊದೆ ಪಟ್ಟಾ ಜಮೀನಲ್ಲಿದ್ರೆ ಜೆಸಿಬಿ ಬಿಡೋಕೆ ಯಾರನ್ನೂ ಕೇಳ್ಬೇಕಾಗಿಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ರೈತರಲ್ಲದೋರೂ ಜಮೀನು ತಗೋಬಹುದು, ಅಲ್ಲಿಂದ ಈಚೆಗೆ ನಮ್ಮ ಕಡೆ ಜಮೀನು ಕೈ ಬದಲಾದಾಗೆಲ್ಲಾ ಮೊದಲು ಹೋಗೋದೇ ಬೇಲಿ. ಬರೀ ಬೆಂಗಳೂರಿನೋರನ್ನೇ ಯಾಕೆ ಅನ್ಬೇಕು, ನಮ್ಮೋರೂ ಕೀಳ್ತಿದಾರೆ. ಬೇಲಿ ತೆಗೆದ್ರೆ ಇನ್ನೊಂದು ಸಾಲು ಅಡಿಕೆ ಹಿಡಿಯುತ್ತೆ ಅಂತ ನಮ್ಮ ದೊಡ್ಡಪ್ಪನ ಮಗನೇ ಹೋದ ಬೇಸಿಗೇಲಿ ಒಂದು ಕಡೆ ಬೇಲಿ ತೆಗೆಸಿದ. ಅವನಿಗೆ ಏನ್ ಹೇಳ್ಲಿ, ಬೋರ್‌ವೆಲ್ ಸಾಲ ಅವನ ತಲೆ ಮೇಲಿದೆ, ಕಾಡುಪಾಪ ಇದ್ರೆ ಅವನ ಕಂತು ಕಟ್ಟೋರು ಯಾರು?

ನನ್ನ ಮಾತು ಇರೋದು ಇಲ್ಲೇ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೇಲಿ ನರ್ಸರಿ ಸಸಿ ತಂದು ನೆಟ್ರೆ ಬದುಕಿದ ಒಂದೊಂದು ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಕೊಡ್ತಾರೆ. ಒಳ್ಳೇ ಯೋಜನೆ, ನಾನೂ ಹೆಬ್ಬೇವು ನೆಟ್ಟು ತಗೊಂಡಿದೀನಿ. ಆದ್ರೆ ಅರವತ್ತು ವರ್ಷದಿಂದ ತಾನಾಗೇ ಬೆಳ್ಕೊಂಡು ನಿಂತಿರೋ ಬೇಲಿಗೆ ಒಂದು ರೂಪಾಯಿ ಇಲ್ಲ. ಕೇಳೋಣ ಅಂತ ಒಂದು ಆಫೀಸಿಗೆ ಹೋದೆ, ಅಲ್ಲಿದ್ದೋರು "ಬೇಲಿಗೆಲ್ಲಾ ಯಾರ್ ದುಡ್ ಕೊಡ್ತಾರೆ, ಕಿತ್ತು ಸಸಿ ನೆಡ್ರಿ, ಬರ್ಕೊಳ್ತೀವಿ" ಅಂದ್ರು. ಅವತ್ತು ಬಸ್ಸಲ್ಲಿ ಬರೋವಾಗ ತುಂಬಾ ಸಂಕಟ ಆಯ್ತು. ನೆಟ್ಟಿದ್ದಕ್ಕೆ ಕೊಡೋ ಸರ್ಕಾರ ಉಳಿಸಿಕೊಂಡಿದ್ದಕ್ಕೂ ಕೊಡ್ಬೇಕು, ಮೀಟರ್ ಲೆಕ್ಕದಲ್ಲಿ ಅಳೆದು ವರ್ಷಕ್ಕೆ ಇಷ್ಟು ಅಂತ. ಒಂದು ಸಾಲು ಅಡಿಕೆಯಷ್ಟು ಬೇಡ, ರೈತನ ಕೈ ತಡೆಯೋವಷ್ಟಾದ್ರೂ ಸಾಕು.

ಖಾಸಗಿ ಜಮೀನಿಗೂ ಕಾಯ್ದೇಲಿ ದಾರಿ ಇದೆ, ಸಮುದಾಯ ಮೀಸಲು ಅಂತ, ಮಾಲೀಕರು ತಾವಾಗೇ ಮುಂದೆ ಬಂದ್ರೆ ಘೋಷಣೆ ಮಾಡ್ತಾರೆ, ಮಂಡ್ಯ ಜಿಲ್ಲೆ ಕೊಕ್ಕರೆ ಬೆಳ್ಳೂರು ಹಂಗೆ 2007ರಲ್ಲಿ ಆಗಿದ್ದು. ಆದ್ರೆ ಒಂದು ಸಲ ಘೋಷಣೆ ಆದ್ರೆ ಜಮೀನಿನ ಬಳಕೆ ಬದಲಾಯಿಸೋಕೆ ಸಮಿತಿ ತೀರ್ಮಾನ ಆಗ್ಬೇಕು, ಅದಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಎರಡೆಕರೆ ಇಟ್ಕೊಂಡು ಮಗಳ ಮದುವೆಗೆ ಅದನ್ನೇ ನಂಬಿರೋನು ಇದಕ್ಕೆ ಸೈನ್ ಹಾಕ್ತಾನಾ? ಹಾಕಲ್ಲ. ಅದಕ್ಕೇ ನಮಗೆ ಬೇಕಿರೋದು ಹೊಲಕ್ಕಲ್ಲ, ಬೇಲಿ ಮತ್ತೆ ಅದರ ಪಕ್ಕದ ಖರಾಬಿಗೆ ಮಾತ್ರ ಹತ್ತು ವರ್ಷದ ಒಂದು ಕರಾರು, ಜಮೀನು ಮಾರಿದ್ರೂ ತಗೊಂಡೋರಿಗೆ ಅದು ಅನ್ವಯ ಆಗೋ ಹಂಗೆ. ಇದನ್ನ ನೋಡ್ಕೊಳ್ಳೋಕೆ ಹೊಸ ಆಫೀಸೂ ಬೇಡ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತೀಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರ್ಬೇಕು, ಊರಲ್ಲಿರೋ ಗಿಡ ಮರ ಪ್ರಾಣಿಗಳ ದಾಖಲಾತಿ ಬರೆದಿಡ್ಬೇಕು. ಅದೇ ಸಮಿತಿ ಊರಿನ ಬೇಲಿ ಸಾಲುಗಳನ್ನ ನಕ್ಷೆ ಮೇಲೆ ಗುರುತು ಮಾಡ್ಲಿ, ಎಲ್ಲೆಲ್ಲಿ ಕಡಿದು ಹೋಗಿದೆ ಅಂತ ಬರ್ಕೊಳ್ಳಿ, ಆ ಜಾಗದಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಹೊಂಗೆ, ಲಕ್ಕಿ, ಕಾರೆ, ತುಗ್ಲಿ ನೆಡ್ಸಲಿ. ದಯವಿಟ್ಟು ಹಸಿರಾಗಿದ್ರೆ ಸಾಕು ಅಂತ ಬಳ್ಳಾರಿ ಜಾಲಿ ಬಿಡ್ಬೇಡಿ, ಅದು ಬಂದ ಕಡೆ ಬೇರೆ ಗಿಡ ಏಳಲ್ಲ.

ತಮಿಳುನಾಡು 2022ರಲ್ಲಿ ದಿಂಡಿಗಲ್, ಕರೂರು ಜಿಲ್ಲೇಲಿ 11,806 ಹೆಕ್ಟೇರ್ ಕಾಡನ್ನ ಕಾಡುಪಾಪಕ್ಕೆ ಅಂತಾನೇ ಅಭಯಾರಣ್ಯ ಮಾಡ್ತು. ನಮ್ಮಲ್ಲಿ ಹಂಗೆ ಒಂದೇ ಕಡೆ ಸಿಗಲ್ಲ, ನೂರಾರು ರೈತರ ಬೇಲಿ ಕೂಡಿದ್ರೇನೇ ಒಂದು ಕಾಡು.

ನನ್ನ ಊರಿನ ಹೆಸರು ಬೇಕಂತಲೇ ಬರೆದಿಲ್ಲ, ಮಾಟ ಮಂತ್ರಕ್ಕೆ ಅಂತ ಕಾಡುಪಾಪ ಹಿಡಿಯೋರು ಇನ್ನೂ ಇದಾರೆ. ಮುಂದಿನ ಗ್ರಾಮಸಭೇಲಿ ಮೇಲೆ ಹೇಳಿದ್ದನ್ನೇ ಅರ್ಜಿ ಮಾಡಿ ಕೊಡ್ತಿದೀನಿ, ಅಕ್ಕಪಕ್ಕದ ಹೊಲದ ಏಳು ಜನ ಸೈನ್ ಹಾಕಿದಾರೆ, ನಮ್ಮ ದೊಡ್ಡಪ್ಪನ ಮಗನೂ ಹಾಕಿದಾನೆ. ಅದರ ಪ್ರತಿ ಈ ಕಾಗದದ ಜೊತೆ ಇಟ್ಟಿದೀನಿ.

ಇಂತಿ,
ಒಬ್ಬ ರೈತ, ತುಮಕೂರು ತಾಲ್ಲೂಕು