ರಾತ್ರಿ ಪಾಳಿಯಲ್ಲಿ ಎಷ್ಟು ಜನ ಅಂತ ಬಾಗಿಲಿಗೆ ಬರೆದು ಹಾಕಿಸಿ

ಸಂಪಾದಕರಿಗೆ ನಮಸ್ಕಾರ,

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಈಗ ಬಾಡಿಗೆ ಮನೆ ಗೇಟಿಗೆ 'ಹಿರಿಯರ ಆರೈಕೆ ಕೇಂದ್ರ' ಅನ್ನೋ ಬೋರ್ಡು ಕಂಡರೆ ಯಾರಿಗೂ ಆಶ್ಚರ್ಯ ಆಗೋದಿಲ್ಲ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿರುತ್ತಾರೆ, ಇಲ್ಲಿ ಪೆನ್ಷನ್ ಮೇಲೆ ಅಪ್ಪ-ಅವ್ವ ಇಬ್ಬರೇ. ಒಬ್ಬರಿಗೆ ಲಕ್ವಾ ಹೊಡೆಯುತ್ತದೆ, ಇಲ್ಲ ಬಾತ್‌ರೂಮಿನಲ್ಲಿ ಬಿದ್ದು ತೊಡೆ ಎಲುಬು ಮುರಿಯುತ್ತದೆ. ಆಸ್ಪತ್ರೆಯವರು ತಮ್ಮ ಕೆಲಸ ಮುಗಿಸಿ ಡಿಸ್ಚಾರ್ಜ್ ಮಾಡುತ್ತಾರೆ. ಆಮೇಲೆ ಹಾಸಿಗೆ ಹಿಡಿದವರನ್ನು ನೋಡೋರು ಯಾರು? ಇಂಥ ಜಾಗಗಳು ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ನಮ್ಮ ಅವ್ವನನ್ನೂ ಇಂಥದೇ ಕಡೆ ಬಿಟ್ಟಿದ್ದೆವು. ಜನ ಏನೇನೋ ಅಂದರು, ಅನ್ನಲಿ ಬಿಡಿ, ಅಂದವರು ಯಾರೂ ರಾತ್ರಿ ಬಂದು ಕೂರಲಿಲ್ಲ.

ನೋಡೋಕೆ ಹೋದರೆ ಟೈಲ್ಸ್ ತೋರಿಸುತ್ತಾರೆ. ಟಿವಿ, ಸಿಸಿಟಿವಿ, ಹಿತ್ತಲಿನ ತುಳಸಿ ಕಟ್ಟೆ, ವಾರದ ಊಟದ ಪಟ್ಟಿ. ನಾವೂ ತಲೆ ಅಲ್ಲಾಡಿಸಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ. ರಾತ್ರಿ ಇಲ್ಲಿ ಎಷ್ಟು ಹಾಸಿಗೆಗೆ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳೋರು ಕಡಿಮೆ.

ಒಂದು ಸಂಜೆ ಊಟದ ಹೊತ್ತಿಗೆ ಹೋಗಿದ್ದೆ. ಅವ್ವನ ಮಂಚಕ್ಕೆ ಒಂದು ಪ್ಯಾಡ್ ಕಟ್ಟಿರುತ್ತದೆ, ಮಗ್ಗಲು ಬದಲಿಸಿದ ಚಾರ್ಟು. ಎಂಟಕ್ಕೆ ಎಡ, ಹತ್ತಕ್ಕೆ ಬಲ, ಹೀಗೆ ಬೆಳಗಿನ ಆರರವರೆಗೂ ಸಹಿ ಬಿದ್ದಿತ್ತು. ಗೋಡೆ ಗಡಿಯಾರದಲ್ಲಿ ಇನ್ನೂ ಎಂಟೂವರೆ! ನಸುಕಿನ ನಾಲ್ಕರ ಸಹಿ ಆಗಲೇ ಆಗಿಹೋಗಿದೆ, ಅದೇ ಪೆನ್ನು, ಅದೇ ಓರೆ ಅಕ್ಷರ. ಡ್ಯೂಟಿ ಮೇಲಿದ್ದ ಹುಡುಗಿಯನ್ನು ಕೇಳಿದೆ. "ಏನ್ ಮಾಡ್ಲಿರಿ ಅಕ್ಕಾರ, ಮ್ಯಾಲಿನವ್ರನ್ನೂ ನಾನ ನೋಡಬೇಕು, ಆಮ್ಯಾಲೆ ಬರಿಯಾಕ ಟೈಮ್ ಸಿಗಂಗಿಲ್ಲ" ಅಂದಳು. ಎರಡು ಅಂತಸ್ತು, ಹದಿನಾರು ಹಾಸಿಗೆ, ರಾತ್ರಿಗೆ ಆಕೆ ಒಬ್ಬಳೇ. ಅವ್ವನನ್ನು ಮಗ್ಗಲಿಗೆ ಹೊರಳಿಸಿ ನೋಡಿದರೆ ಬೆನ್ನಿನ ಬುಡದಲ್ಲಿ ಎಲುಬಿನ ಮೇಲಿನ ಚರ್ಮ ಸುಲಿದು ನೀರಾಡುತ್ತಿತ್ತು.

ವಯಸ್ಸಾದ ಮೇಲೆ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗೋ ಹುಣ್ಣು, ಆಗೋದೇ ಅಂತ ಸುಮ್ನೆ ಸಮಾಧಾನ ಹೇಳುತ್ತಾರೆ. ಅದು ತಾನಾಗೇ ಬರೋದಲ್ಲ. ಒಂದೇ ಮಗ್ಗಲಲ್ಲಿ ಮಲಗಿದ್ದರೆ ಎಲುಬು ಮತ್ತು ಹಾಸಿಗೆ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹೋಗೋದಿಲ್ಲ, ಕೆಲವೇ ತಾಸಿನಲ್ಲಿ ಅದು ಸಾಯೋಕೆ ಶುರುವಾಗುತ್ತದೆ. ಒದ್ದೆ ಡೈಪರ್ ಇದ್ದರೆ ಇನ್ನೂ ಬೇಗ, ಶುಗರ್ ಇದ್ದವರಿಗಂತೂ ಕೇಳಲೇ ಬೇಡಿ. ಮೊದಲು ಕೆಂಪಾಗುತ್ತದೆ, ಬೆರಳಿಂದ ಒತ್ತಿದರೂ ಆ ಕೆಂಪು ಹೋಗೋದಿಲ್ಲ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣೋದೂ ಕಷ್ಟ, ಹಾಗಾಗಿ ಕೈಯಿಂದ ಮುಟ್ಟಿ ಆ ಜಾಗ ಬಿಸಿ ಇದೆಯಾ, ಗಟ್ಟಿ ಆಗಿದೆಯಾ ಅಂತ ನೋಡಬೇಕು. ಎರಡು ತಾಸಿಗೊಮ್ಮೆ ಹೊರಳಿಸಿ ಅನ್ನೋದು ಇದಕ್ಕೇ. ಒಬ್ಬಳೇ ಅದನ್ನು ಮಾಡೋಕೂ ಆಗೋದಿಲ್ಲ. ಲಕ್ವಾ ಹೊಡೆದ ಮೈ ಅಷ್ಟು ಭಾರ, ಎಳೆದಾಡಿದರೆ ಇದ್ದ ಚರ್ಮವೂ ಕಿತ್ತು ಬರುತ್ತದೆ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು ಕೆಳಗಿನ ಚಾದರ ಹಿಡಿದು ಎತ್ತಬೇಕು. ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ನರ್ಸಿಂಗ್ ಓದಿದವಳಲ್ಲ, ಹನ್ನೆರಡು ತಾಸಿನ ಪಾಳಿ, ಸಂಬಳ ಕೇಳಿದರೆ ನಮಗೇ ನಾಚಿಕೆ ಆಗಬೇಕು.

ಏರ್ ಬೆಡ್ ಹಾಕೀವಲ್ರಿ ಅಂದರು. ಹಾಕಿದ್ದರು, ನಿಜ. ಗಾಳಿ ತುಂಬಿ ಮೈ ಮೇಲಿನ ಒತ್ತಡ ಕಡಿಮೆ ಮಾಡೋ ಹಾಸಿಗೆ ಅದು. ಅದರ ಪಂಪು ಓಡೋದು ಕರೆಂಟಿನ ಮೇಲೆ. ಮಳೆಗಾಲದಲ್ಲಿ ಧಾರವಾಡದ ಕರೆಂಟು ಹೇಗೆ ಅಂತ ನಿಮ್ಮ ಓದುಗರಿಗೆ ನಾನು ಹೇಳಬೇಕಾ? ಇನ್ವರ್ಟರ್ ಕನೆಕ್ಷನ್ ಆಫೀಸ್ ಕೋಣೆಗೆ ಇತ್ತು, ಟಿವಿಗೆ ಇತ್ತು, ಮಂಚದ ಪಕ್ಕದ ಪ್ಲಗ್ಗಿಗೆ ಇರಲಿಲ್ಲ. ಗಾಳಿ ಇಳಿದ ಮೇಲೆ ಏರ್ ಬೆಡ್ ಇದ್ದರೆಷ್ಟು ಬಿಟ್ಟರೆಷ್ಟು. ಮಾಲೀಕರಿಗೆ ಹೇಳಿದೆ. "ನಿಮ್ಮ ಅವ್ವನ್ನ ನಮ್ಮ ಅವ್ವನಂಗ ನೋಡ್ಕೊಂತೀವ್ರಿ" ಅಂದರು. ಬೇಡ ಸ್ವಾಮಿ. ಅವ್ವ ಅಂತ ನೋಡೋಕೆ ನಾನಿದ್ದೇನೆ, ನೀವು ಪೇಷಂಟ್ ಅಂತ ನೋಡಿ ಸಾಕು, ತಿಂಗಳಾ ತಿಂಗಳಾ ದುಡ್ಡು ಎಣಿಸೋದು ಅದಕ್ಕೇ.

ಗಾಯದ ಮಾತು ಒಂದು ಕಡೆ ಇರಲಿ, ಬೆಂಕಿ ಬಿದ್ದರೆ? ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಗೆ 2011ರ ಡಿಸೆಂಬರ್ 9ರಂದು ಬೆಂಕಿ ಬಿದ್ದದ್ದು ನಸುಕಿನಲ್ಲಿ. ಸತ್ತವರು ಸುಮಾರು 90 ಜನ, ಹೆಚ್ಚಿನವರು ಹಾಸಿಗೆಯಲ್ಲೇ ಹೊಗೆ ಕುಡಿದು. ಮಹಾರಾಷ್ಟ್ರದ ಭಂಡಾರಾದಲ್ಲಿ 2021ರ ಜನವರಿ 9ರಂದು 10 ಹಸುಗೂಸುಗಳು ಹೋದದ್ದು ಮಧ್ಯರಾತ್ರಿ ದಾಟಿದ ಮೇಲೆ. ದೆಹಲಿಯ ವಿವೇಕ ವಿಹಾರದ ಮಕ್ಕಳ ಆಸ್ಪತ್ರೆಯದು 2024ರ ಮೇ 25ರ ರಾತ್ರಿ, ಅದರ ಲೈಸೆನ್ಸ್ ಮಾರ್ಚ್‌ನಲ್ಲೇ ಮುಗಿದಿತ್ತು. ಎದ್ದು ಓಡಲಾರದವರು ಒಳಗೆ, ಎತ್ತಿ ತರೋಕೆ ಕೈ ಕಡಿಮೆ. ಅವ್ವ ಇದ್ದ ಕಡೆ ರಾತ್ರಿ ಗ್ರಿಲ್ಲಿಗೆ ಬೀಗ ಹಾಕುತ್ತಿದ್ದರು. ಮರೆವಿನ ಕಾಯಿಲೆ ಇರೋ ಅಜ್ಜ ಒಬ್ಬರು ಎದ್ದು ರಸ್ತೆಗೆ ಹೋಗಿಬಿಡುತ್ತಾರೆ, ಬೀಗ ಬೇಕು, ಒಪ್ಪೋಣ. ಆದರೆ ಕೀಲಿ ಎಲ್ಲಿ? ಮಾಲೀಕರ ಮನೆಯಲ್ಲಿ, ಎರಡು ಓಣಿ ಆಚೆ.

ಕಾನೂನು ಏನನ್ನುತ್ತದೆ ಅಂತ ನೋಡಿದೆ. ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ ರಾಜ್ಯದಲ್ಲಿ 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಇದೆ, ನೋಂದಣಿ ಮಾಡಿಸಬೇಕು, ದರಪಟ್ಟಿ ಹಾಕಬೇಕು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಈ ಕೇಂದ್ರದವರನ್ನು ಕೇಳಿದರೆ ನಮ್ದು ದವಾಖಾನಿ ಅಲ್ರಿ, ಮನಿ ಇದ್ದಂಗ ಅಂತ ಜಾರಿಕೊಂಡರು. ಮನೆಯಲ್ಲಿ ಮೂಗಿಗೆ ನಳಿಗೆ ಹಾಕಿ ಗಂಜಿ ಬಿಡುತ್ತಾರಾ? ಸಲೈನ್ ಏರಿಸುತ್ತಾರಾ? ತಲೆ ಎತ್ತರಕ್ಕೆ ಇಡದೆ ಆ ನಳಿಗೆಯಲ್ಲಿ ಗಂಜಿ ಬಿಟ್ಟರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಇದು ಗೊತ್ತಿರೋ ಒಬ್ಬರಾದರೂ ಅಲ್ಲಿರಬೇಕಲ್ವಾ? ಹಿರಿಯ ನಾಗರಿಕರಿಗೆ ಅಂತ ಕೇಂದ್ರ ಸರ್ಕಾರದ ಕಾಯ್ದೆಯೂ 2007ರದ್ದೇ. ಆರೈಕೆ ಕೇಂದ್ರಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಇರಲಿ ಅಂತ ಅದಕ್ಕೊಂದು ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು. ಪಾಸ್ ಆಗಲೇ ಇಲ್ಲ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಮುಗಿದುಹೋಯಿತು. ಹಿರಿಯರ ಸಹಾಯವಾಣಿ 14567 ಇದೆ, ಒಳ್ಳೆಯದೇ, ಆದರೆ ಅದು ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ರಾತ್ರಿ ಎರಡಕ್ಕೆ ನೀರು ಬೇಕು ಅಂತ ಕೂಗಿ ಯಾರೂ ಬರದ ಅಜ್ಜಿ ಯಾರಿಗೆ ಫೋನ್ ಮಾಡಬೇಕು?

ಹೊಸ ಕಾಯ್ದೆ ಬರುವ ತನಕ ಕಾಯೋದು ಬೇಡ. ಪ್ರತಿ ಕೇಂದ್ರದ ಬಾಗಿಲ ಬಳಿ ಒಂದು ಕರಿಹಲಗೆ ಇರಲಿ. ಇವತ್ತು ಹಾಸಿಗೆ ಎಷ್ಟು, ರಾತ್ರಿ ಪಾಳಿಗೆ ಯಾರ್‍ಯಾರು, ಅದರಲ್ಲಿ ನೋಂದಾಯಿತ ನರ್ಸ್ ಯಾರು, ಬೆಡ್‌ಸೋರ್ ಆದವರು ಎಷ್ಟು ಮಂದಿ, ಇಷ್ಟು ಬರೆಯಲಿ. ಬೀಗದ ಕೀಲಿ ಬಾಗಿಲ ಪಕ್ಕದಲ್ಲೇ ಅಜ್ಜನ ಕೈಗೆ ಎಟುಕದ ಎತ್ತರಕ್ಕೆ ತೂಗಲಿ. ಸಿಬ್ಬಂದಿ ಜಾಸ್ತಿ ಇಟ್ಟರೆ ರೇಟು ಏರುತ್ತದೆ ಅನ್ನುತ್ತಾರೆ, ಏರಲಿ, ಏರಿದ್ದು ಯಾತಕ್ಕೆ ಅಂತ ಆ ಹಲಗೆ ಮೇಲೆ ಕಾಣುತ್ತದಲ್ಲ. ಭಾನುವಾರ ಹನ್ನೊಂದಕ್ಕೆ ಬಾಳೆಹಣ್ಣು ಹಿಡಿದು ಹೋಗುವ ನಾವೂ ಒಮ್ಮೆ ರಾತ್ರಿ ಊಟದ ಮೇಲೆ ಹೋಗಿ ಚಾದರ ಎತ್ತಿ ನೋಡಬೇಕು. ಜಿಲ್ಲಾಧಿಕಾರಿಗಳಲ್ಲಿ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಸಾಹೇಬರಲ್ಲಿ ನನ್ನ ವಿನಂತಿ ಒಂದೇ. ತಪಾಸಣೆಗೆ ಹೋಗೋದಾದರೆ ರಾತ್ರಿ ಎರಡರ ಮೇಲೆ ಹೋಗಿ. ಮೊದಲೇ ಫೋನ್ ಮಾಡಿ ಹೋಗಬೇಡಿ.

ಒಬ್ಬ ಓದುಗಿ, ಧಾರವಾಡ