ಮಾತ್ರೆ ಕೊಳ್ಳಲು ಮೊಬೈಲ್ ನಂಬರ್ ಏಕೆ?

ಸಂಪಾದಕರಿಗೆ,

ಕಳೆದ ತಿಂಗಳು ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ತರಲು ಔಷಧಿ ಅಂಗಡಿಗೆ ಹೋಗಿದ್ದೆ. ‘ಮೊಬೈಲ್ ನಂಬರ್ ಹೇಳಿ, ಇಲ್ಲದಿದ್ದರೆ ಬಿಲ್ ಆಗುವುದಿಲ್ಲ’ ಎಂದರು. ಹೇಳಿದೆ. ವಾರ ಕಳೆಯುವುದರೊಳಗೆ ಮಧುಮೇಹದ ಪುಡಿ, ಆರೋಗ್ಯ ವಿಮೆ ಮಾರುವವರ ಕರೆಗಳು ಶುರುವಾದವು. ಒಬ್ಬಾಕೆಗೆ ಅಮ್ಮನ ವಯಸ್ಸೂ ಗೊತ್ತಿತ್ತು. ಫೋನ್ ಹಿಡಿದ ಕೈ ನಡುಗಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ; ತೀರ್ಪು ಬಂದಾಗ ಅವರಿಗೆ 91 ವರ್ಷ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಒತ್ತಾಯದ್ದಾಗಿರಬಾರದು, ಬೇಕಾದಷ್ಟೇ ಮಾಹಿತಿ ಪಡೆಯಬೇಕು. ನಂಬರಿಗಾಗಿ ಪಟ್ಟು ಹಿಡಿಯಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಅದೇ ವರ್ಷ ಅಂಗಡಿಗಳಿಗೆ ತಿಳಿಸಿತ್ತು. ಆದರೆ ಬೆನ್ನ ಹಿಂದೆ ಜನ ಸಾಲುಗಟ್ಟಿ ನಿಂತಿರುವಾಗ ‘ಕೊಡುವುದಿಲ್ಲ’ ಎನ್ನುವ ಧೈರ್ಯ ಎಷ್ಟು ಮಂದಿಗೆ ಬಂದೀತು?

‘ಮೊಬೈಲ್ ನಂಬರ್ ಕಡ್ಡಾಯವಲ್ಲ’ ಎಂಬ ಕನ್ನಡದ ಫಲಕವನ್ನು ಪ್ರತಿ ಅಂಗಡಿಯ ಬಿಲ್ ಕೌಂಟರಿನಲ್ಲಿ ಹಾಕಿಸಲು ರಾಜ್ಯ ಸರ್ಕಾರ ಕೂಡಲೇ ಆದೇಶ ಹೊರಡಿಸಲಿ. ಔಷಧಿ ಅಂಗಡಿಗಳಿಂದಲೇ ಶುರುವಾಗಲಿ.

– ಒಬ್ಬ ಓದುಗ, ಮೈಸೂರು